ಕಡಾಬ್ರಾ: 10 ಆಯಾಮದ ಗಾಮಾ ಲೆಕ್ಕಕ್ಕೆ ಧೈರ್ಯವಾಗಿ ಹಾಕಿಕೊಳ್ಳಿ

ಸೂಪರ್‌ಗ್ರಾವಿಟಿ, ಸ್ಟ್ರಿಂಗ್ ಥಿಯರಿ ಕಲಿಯುತ್ತಿರುವವರು ಗಾಮಾ ಮ್ಯಾಟ್ರಿಕ್ಸ್ (ಎಲೆಕ್ಟ್ರಾನ್‌ನಂಥ ಕಣಗಳ ಸಮೀಕರಣದಲ್ಲಿ ಬರುವ ಅಂಕಿಗಳ ಚೌಕ) ಲೆಕ್ಕದಲ್ಲಿ ಸುಮ್ನೆ ರಾತ್ರಿಗಟ್ಟಲೆ ಒದ್ದಾಡಬೇಡಿ. ಕಡಾಬ್ರಾ ಹಾಕಿಕೊಳ್ಳಿ. ಕ್ಯಾಸ್ಪರ್ ಪೀಟರ್ಸ್ ಕಟ್ಟಿದ, ಅಕ್ಷರರೂಪದ ಸಮೀಕರಣಗಳ ಲೆಕ್ಕ ಮಾಡುವ ಸಾಫ್ಟ್‌ವೇರ್ ಇದು, ಕಾಸು ಕೊಡಬೇಕಿಲ್ಲ, ಓಪನ್ ಸೋರ್ಸ್. ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲೂ ಓಡುತ್ತದೆ.

ಎಲೆಕ್ಟ್ರಾನಿಗಾಗಿ 1928ರಲ್ಲಿ ಡಿರಾಕ್ ಬರೆದ ಸಮೀಕರಣಕ್ಕೆ 4×4 ಗಾಮಾ ಮ್ಯಾಟ್ರಿಕ್ಸ್ ಸಾಕಿತ್ತು. ಸ್ಟ್ರಿಂಗ್ ಥಿಯರಿ, ಸೂಪರ್‌ಗ್ರಾವಿಟಿಯಲ್ಲಿರುವಂತೆ ಆಯಾಮ 10 ಅಥವಾ 11 ಆದರೆ 32×32 ಬೇಕು, ಅಂದರೆ ಒಂದೊಂದರಲ್ಲೂ 1024 ಮನೆ. ಕಡಾಬ್ರಾ ಆ ಮನೆಗಳಿಗೆ ಕೈಯೇ ಹಾಕುವುದಿಲ್ಲ. ಎರಡು ಗಾಮಾಗಳ ಜಾಗ ಅದಲುಬದಲು ಮಾಡಿದರೆ ಏನಾಗುತ್ತದೆ ಅನ್ನೋ ಒಂದು ನಿಯಮ ಹಿಡಿದುಕೊಂಡೇ ಎಲ್ಲ ಲೆಕ್ಕ ಮುಗಿಸುತ್ತದೆ. ನನಗೆ ತುಂಬ ಇಷ್ಟವಾದದ್ದು ಇದೇ.

ಒಂದು ಉದಾಹರಣೆ ನೋಡಿ. ನಡುವೆ ಒಂದು ಗಾಮಾ, ಅದರ ಎರಡೂ ಪಕ್ಕ ಒಂದೇ ಇಂಡೆಕ್ಸ್ (ಯಾವ ಆಯಾಮದ ಗಾಮಾ ಅನ್ನೋ ಗುರುತು) ಇರುವ ಗಾಮಾ ಇಟ್ಟು ಗುಣಿಸಿ, ಆ ಇಂಡೆಕ್ಸಿನ ಎಲ್ಲ ಬೆಲೆಗೂ ಕೂಡಿಸಿದರೆ ನಡುವಿನದ್ದೇ ಉಳಿಯುತ್ತದೆ, 2ರಲ್ಲಿ ಆಯಾಮದ ಸಂಖ್ಯೆ ಕಳೆದಷ್ಟು ಪಟ್ಟು. 4ರಲ್ಲಿ −2, 10ರಲ್ಲಿ −8. ಇಷ್ಟು ಕೈಯಲ್ಲೇ ಆಗುತ್ತದೆ. ಈಗ ನಡುವೆ ಐದು ಇಂಡೆಕ್ಸಿನ ಗಾಮಾ (ಬೇರೆಬೇರೆ ಐದು ಗಾಮಾಗಳ ಗುಣಲಬ್ಧ) ಇಡಿ. 10 ಆಯಾಮದಲ್ಲಿ ಉತ್ತರ ಪೂರ್ತಿ ಸೊನ್ನೆ! ಕೈಯಲ್ಲಿ ಮಾಡಿದರೆ ಪ್ಲಸ್ ಮೈನಸ್ ಎಲ್ಲಿ ತಪ್ಪಿತು ಅಂತ ಹುಡುಕೋದೇ ಆಗುತ್ತದೆ, ಇಲ್ಲಿ ಗಾಮಾಗಳನ್ನು ಒಂದುಗೂಡಿಸುವ 'ಜಾಯಿನ್ ಗಾಮಾ' ಅನ್ನೋ ಕಮಾಂಡನ್ನು ಎರಡು ಸಲ ಕೊಟ್ಟು, ಕಂಸ ಬಿಡಿಸಿ, ಉಳಿದ ಡೆಲ್ಟಾಗಳನ್ನು (ಎರಡು ಇಂಡೆಕ್ಸ್ ಒಂದೇ ಆದರೆ 1, ಇಲ್ಲದಿದ್ದರೆ 0) ತೆಗೆಸಿ, ಪದಗಳನ್ನು ಕೂಡಿಸಿದರೆ ಆಯಿತು. ಪೇಪರಿಗೆ ಟೈಪ್ ಮಾಡುವ ಲೇಟೆಕ್ ರೀತಿಯಲ್ಲೇ ಸಮೀಕರಣ ಬರೆಯಬಹುದು. ಗಾಮಾಗಳು ಕೆಲಸ ಮಾಡುವ ಸ್ಪಿನರ್‌ಗಳ (ಎಲೆಕ್ಟ್ರಾನ್‌ನಂಥ ಕಣಗಳನ್ನು ವಿವರಿಸುವ ರಾಶಿಗಳು) ಜೋಡಿ ಬದಲಿಸಿ ಬರೆಯುವ ಫೀರ್ಟ್ಸ್ ಐಡೆಂಟಿಟಿಗೂ ಕಮಾಂಡ್ ಇದೆ, ಸ್ಪಿನರ್ ಮಾಯೊರಾನಾ-ವೈಲ್ ಅನ್ನೋ ವಿಶೇಷ ಬಗೆಯದ್ದು ಅಂತ ಮೊದಲೇ ಹೇಳಿಬಿಡಬಹುದು.

ಕಷ್ಟವೂ ಇದೆ. ಇದು ತಾನಾಗಿ ಜಾಸ್ತಿ ಏನೂ ಮಾಡೋದಿಲ್ಲ, ಒಂದೊಂದು ಹೆಜ್ಜೆಯನ್ನೂ ನಾವೇ ಹೇಳಬೇಕು. ಇಂಡೆಕ್ಸ್ 0ರಿಂದ 9ರವರೆಗೆ ಓಡುತ್ತದೆ ಅಂತ ತಿಳಿಸದಿದ್ದರೆ ಡೆಲ್ಟಾದ ಮೊತ್ತ 10 ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು, ಅಲ್ವಾ? ಹೊಸಬರು ಮೊದಮೊದಲು ಸುಸ್ತಾಗುತ್ತಾರೆ. ಆದರೆ ಪ್ರತಿ ಸಾಲಿನಲ್ಲೂ ಏನಾಯಿತು ಅಂತ ಕಣ್ಣಿಗೆ ಕಾಣೋದರಿಂದ ಕಲಿಯುವವರಿಗೆ ಇದೇ ಒಳ್ಳೆಯದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಅಂಕಿ ಹಾಕಿಯೇ ಪರೀಕ್ಷಿಸಬೇಕೇ? ಈಗಿನ ಆವೃತ್ತಿ ಪೈಥಾನ್ ಜೊತೆಗೇ ಓಡುತ್ತದೆ. ಅದರ ಅಂಕಿ ಲೆಕ್ಕದ ಲೈಬ್ರರಿ ನಂಪೈಯಲ್ಲಿ 2×2 ಪೌಲಿ ಮತ್ತು ಯೂನಿಟ್ ಮ್ಯಾಟ್ರಿಕ್ಸ್‌ಗಳನ್ನು ಐದೈದಾಗಿ ಕ್ರೋನೆಕರ್ ಗುಣಾಕಾರ (ಚಿಕ್ಕವುಗಳಿಂದ ದೊಡ್ಡ ಮ್ಯಾಟ್ರಿಕ್ಸ್ ಕಟ್ಟುವ ಗುಣಾಕಾರ) ಮಾಡಿದರೆ ನಿಜವಾದ 32×32 ಕೈಗೆ ಬರುತ್ತದೆ.

ಬರೀ 4 ಆಯಾಮದ ಫೈನ್‌ಮನ್ ಡಯಾಗ್ರಮ್ (ಕಣಗಳ ಡಿಕ್ಕಿಯ ಲೆಕ್ಕದ ಚಿತ್ರ), ಉದ್ದುದ್ದ ಟ್ರೇಸ್ (ಮ್ಯಾಟ್ರಿಕ್ಸ್ ಕರ್ಣದ ಮೊತ್ತ) ಮಾತ್ರ ಬೇಕಿದ್ದವರು ಫಾರ್ಮ್ ಅನ್ನೋ ಸಾಫ್ಟ್‌ವೇರ್ ಬಳಸಿ, ಆ ಕೆಲಸಕ್ಕೆ ಅದೇ ಚುರುಕು.