ಹೊಸ ಲ್ಯಾಪ್‌ಟಾಪನ್ನು ಅಂಗಡಿಯವರ ಖಾತೆಯಲ್ಲಿ ಶುರುಮಾಡಿಸಬೇಡಿ

ಹೊಸ ಲ್ಯಾಪ್‌ಟಾಪ್ ಕೊಳ್ಳುವವರು, ಅದರಲ್ಲೂ ಊರಿನಿಂದ ಶಿವಮೊಗ್ಗಕ್ಕೆ ಹೋಗಿ ಕೊಂಡು ಸಂಜೆಯ ಬಸ್ಸಿಗೆ ಮನೆಗೆ ಮರಳಬೇಕಾದ ನಮ್ಮಂಥವರು, ಅಂಗಡಿಯವರು ‘ಎಲ್ಲ ನಾವೇ ರೆಡಿ ಮಾಡಿ ಕೊಡ್ತೀವಿ’ ಎಂದಾಗ ದಯವಿಟ್ಟು ಒಪ್ಪಿಕೊಳ್ಳಬೇಡಿ. ನಾನು ಒಪ್ಪಿಕೊಂಡೆ. ಎಂಟು ತಿಂಗಳ ನಂತರ ನನ್ನ ಲ್ಯಾಪ್‌ಟಾಪಿನೊಳಗಿದ್ದ ಎಲ್ಲವೂ, ಡಿಸ್ಕಿಗೆ ಯಾವ ಪೆಟ್ಟೂ ಆಗದಿದ್ದರೂ, ನನಗೇ ಸಿಗದಂತಾಯಿತು. ಹೀಗಾದದ್ದು ಏಕೆ ಎಂಬುದನ್ನು ಆಮೇಲೆ ಒಂದೊಂದಾಗಿ ತಿಳಿದುಕೊಂಡಿದ್ದೇನೆ. ಕೊಳ್ಳುವ ಮೊದಲೇ ಇದು ಗೊತ್ತಿದ್ದರೆ ಅರ್ಧ ಗಂಟೆಯ ಎಚ್ಚರದಲ್ಲಿ ತಪ್ಪಿಸಬಹುದಾಗಿದ್ದ ನಷ್ಟ ಇದು.

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಮನೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪ್ ವಿಂಡೋಸ್ 10ರಲ್ಲಿ ನಡೆಯುತ್ತಿತ್ತು. ಅದಕ್ಕೆ 2025ರ ಅಕ್ಟೋಬರ್ 14ರ ನಂತರ ಭದ್ರತೆಯ ಅಪ್‌ಡೇಟುಗಳು ನಿಲ್ಲುತ್ತವೆ ಎಂದು ಮೈಕ್ರೋಸಾಫ್ಟ್ ಮೊದಲೇ ತಿಳಿಸಿತ್ತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಆ ಹಳೆಯ ಯಂತ್ರದಲ್ಲಿ ಇರಲಿಲ್ಲ. ಹಾಗಾಗಿ 2024ರ ಆಗಸ್ಟಿನಲ್ಲಿ, ಮಳೆ ಸ್ವಲ್ಪ ಹೊಳವಾದ ಒಂದು ಶನಿವಾರ, ಶಿವಮೊಗ್ಗದ ಅಂಗಡಿಯೊಂದರಲ್ಲಿ ಹೊಸದನ್ನು ಕೊಂಡೆ.

ಅಂಗಡಿಯ ಹುಡುಗ ಪೆಟ್ಟಿಗೆಯನ್ನು ನನ್ನೆದುರಿಗೇ ಬಿಚ್ಚಿದ. ಪೆಟ್ಟಿಗೆಯ ಮೇಲಿನ, ಬಿಲ್ಲಿನಲ್ಲಿನ ಮತ್ತು ಲ್ಯಾಪ್‌ಟಾಪಿನ ತಳದಲ್ಲಿನ ಸೀರಿಯಲ್ ನಂಬರ್ ಒಂದೇ ಆಗಿವೆಯೇ ಎಂದು ಹೋಲಿಸಿ ನೋಡಿದೆ; ಆ ಮಟ್ಟಿಗೆ ಯಾವ ತಪ್ಪೂ ಆಗಲಿಲ್ಲ. ನಂತರ ಅವನು ‘ಮೇಡಂ, ನೀವು ಪೇಟೆ ಕೆಲಸ ಮುಗಿಸಿ ಬನ್ನಿ, ಅಷ್ಟರಲ್ಲಿ ವಿಂಡೋಸ್, ಆಫೀಸ್ ಎಲ್ಲ ಹಾಕಿಟ್ಟಿರ್ತೀನಿ’ ಎಂದ. ನಾನು ಗಾಂಧಿ ಬಜಾರಿಗೆ ಹೋಗಿ ಒಂದು ಗಂಟೆ ಬಿಟ್ಟು ಬಂದೆ. ಲ್ಯಾಪ್‌ಟಾಪ್ ಸಿದ್ಧವಾಗಿತ್ತು. ತೆರೆಯಲು ಬೇಕಾದ ನಾಲ್ಕು ಅಂಕಿಯ ಪಿನ್ ಅನ್ನು ಅವನು ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಟ್ಟ. ಈ ಕೆಲಸಕ್ಕೆಂದು ಬೇರೆಯಾಗಿ ಎಂಟುನೂರು ರೂಪಾಯಿ ತೆಗೆದುಕೊಂಡರು. ಅದಕ್ಕೆ ಬಿಲ್ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಆ ಒಂದು ಗಂಟೆಯಲ್ಲಿ ನಡೆದದ್ದು ಇಷ್ಟು. ವಿಂಡೋಸ್ 11 ಹೋಮ್ ಮೊದಲ ಬಾರಿಗೆ ಶುರುವಾಗುವಾಗ ದೇಶ, ಭಾಷೆ, ಕೀಬೋರ್ಡುಗಳನ್ನು ಕೇಳಿದ ಮೇಲೆ ಇಂಟರ್ನೆಟ್ ಸಂಪರ್ಕವನ್ನು, ಆಮೇಲೆ ಒಂದು ಮೈಕ್ರೋಸಾಫ್ಟ್ ಖಾತೆಯನ್ನು ಕೇಳುತ್ತದೆ. ಗಿರಾಕಿ ಎದುರಿಗಿಲ್ಲ, ಅವರ ಮೊಬೈಲಿಗೆ ಬರುವ ಒಟಿಪಿ ಕೇಳಲು ಆಗುವುದಿಲ್ಲ. ಆದ್ದರಿಂದ ಆ ಹುಡುಗ ತನ್ನದೇ ಇಮೇಲ್ ವಿಳಾಸವನ್ನು ಹಾಕಿ ಮುಂದೆ ಹೋದ. ಅವನು ಆ ಅಂಗಡಿಯಲ್ಲಿ ಸಿದ್ಧಪಡಿಸುತ್ತಿದ್ದ ಲ್ಯಾಪ್‌ಟಾಪುಗಳಿಗೆಲ್ಲ ಅದೇ ವಿಳಾಸವನ್ನು ಹಾಕುತ್ತಿದ್ದನೆಂದು ನಂತರ ತಿಳಿಯಿತು. ನನ್ನ ಹೆಸರಿನ ಯಂತ್ರದ ಒಡೆಯ, ವಿಂಡೋಸಿನ ಲೆಕ್ಕದಲ್ಲಿ, ಅವನಾದ. ಇದು ನನ್ನ ಕಣ್ಣಿಗೆ ಬೀಳದಿರಲು ಕಾರಣ ಆ ಪಿನ್. ಪಿನ್ ಎಂಬುದು ಆ ಒಂದು ಯಂತ್ರಕ್ಕೆ ಮಾತ್ರ ಸಂಬಂಧಿಸಿದ್ದು. ಅದನ್ನು ಒತ್ತಿದರೆ ಸಾಕು, ಹಿಂದಿರುವ ಖಾತೆ ಯಾರದು, ಅದರ ಪಾಸ್‌ವರ್ಡ್ ಏನು ಎಂಬ ಪ್ರಶ್ನೆ ದಿನಬಳಕೆಯಲ್ಲಿ ಏಳುವುದೇ ಇಲ್ಲ.

ಇದರ ಜೊತೆಗೇ ಇನ್ನೊಂದು ಕೆಲಸ ತಾನಾಗಿ ನಡೆಯುತ್ತದೆ, ಅದೇ ಮುಖ್ಯವಾದದ್ದು. ಈಗಿನ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆದ ಕೂಡಲೇ ‘ಡಿವೈಸ್ ಎನ್‌ಕ್ರಿಪ್ಷನ್’ ಚಾಲೂ ಆಗುತ್ತದೆ. ಡಿಸ್ಕಿನಲ್ಲಿರುವುದನ್ನೆಲ್ಲ ಕೀ ಇಲ್ಲದವರಿಗೆ ಓದಲು ಬಾರದ ರೂಪಕ್ಕೆ ತಿರುಗಿಸಿಡುವ ಬಿಟ್‌ಲಾಕರ್ ಎಂಬ ವ್ಯವಸ್ಥೆಯೇ ಇದರ ಒಳಗಿರುವುದು. ಮಾಮೂಲಿ ದಿನಗಳಲ್ಲಿ ಆ ಕೀಯನ್ನು ಯಂತ್ರದ ಮುಖ್ಯ ಫಲಕವಾದ ಮದರ್‌ಬೋರ್ಡಿನ ಟಿಪಿಎಂ ಚಿಪ್ ಒದಗಿಸುತ್ತದೆ, ನಮಗೆ ಏನೂ ಗೊತ್ತಾಗುವುದಿಲ್ಲ. ಚಿಪ್ ಬದಲಾದರೆ, ಅಥವಾ ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶವಾದ ಫರ್ಮ್‌ವೇರಿನಲ್ಲಿ ವ್ಯತ್ಯಾಸವಾಗಿ ಅದಕ್ಕೆ ಸಂಶಯ ಬಂದರೆ, ವಿಂಡೋಸ್ 48 ಅಂಕಿಗಳ ರಿಕವರಿ ಕೀಯನ್ನು ಕೇಳುತ್ತದೆ. ಆ ಕೀ ಮೊದಲ ದಿನವೇ ಮೈಕ್ರೋಸಾಫ್ಟ್ ಖಾತೆಯಲ್ಲಿ ಜಮೆಯಾಗಿರುತ್ತದೆ. ನನ್ನ ಖಾತೆಯಲ್ಲಲ್ಲ, ಅಲ್ಲಿ ಹಾಕಿದವರ ಖಾತೆಯಲ್ಲಿ. ಲ್ಯಾಪ್‌ಟಾಪ್ ಕಳುವಾದಾಗ ಕಳ್ಳನ ಕೈಗೆ ನಮ್ಮ ಕಡತಗಳು ಸಿಗದಿರಲಿ ಎಂಬ ಒಳ್ಳೆಯ ಉದ್ದೇಶದಿಂದ ಮಾಡಿದ ವ್ಯವಸ್ಥೆ ಇದು, ಇದನ್ನು ನಾನು ದೂರುತ್ತಿಲ್ಲ. ಆದರೆ ಕೀ ಬೇರೆಯವರ ಬಳಿ ಇದ್ದರೆ ನಮ್ಮ ಸ್ಥಿತಿಗೂ ಕಳ್ಳನ ಸ್ಥಿತಿಗೂ ಯಂತ್ರದ ಮಟ್ಟಿಗೆ ಯಾವ ಭೇದವೂ ಉಳಿಯುವುದಿಲ್ಲ.

ನನ್ನ ಲ್ಯಾಪ್‌ಟಾಪಿನಲ್ಲಿ ಏನಿತ್ತು ಎಂಬುದನ್ನು ಹೇಳದೆ ಹೋದರೆ ನಷ್ಟದ ಅಳತೆ ಸಿಗುವುದಿಲ್ಲ. ದೀಪಾವಳಿಯ ರಾತ್ರಿಗಳಲ್ಲಿ ನಮ್ಮ ಕಡೆ ದೀಪ ಹಿಡಿದು ಮನೆಯಿಂದ ಮನೆಗೆ ಹಾಡುತ್ತಾ ಹೋಗುವ ಅಂಟಿಗೆ–ಪಂಟಿಗೆಯ ಪದಗಳನ್ನು ನಾನು ಕೆಲವು ವರ್ಷಗಳಿಂದ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳುತ್ತಿದ್ದೆ. 2024ರ ದೀಪಾವಳಿಗೆ ಮೂರು ತಂಡಗಳ ಜೊತೆ ತಿರುಗಿದ್ದೆ. ಹಬ್ಬ ಕಳೆದ ಮೇಲೆ ಹಿರಿಯ ಹಾಡುಗಾರರೊಬ್ಬರ ಮನೆಗೆ ನಾಲ್ಕೈದು ಬಾರಿ ಹೋಗಿ, ತಂಡದವರು ಈಗ ಹಾಡದೆ ಬಿಟ್ಟಿರುವ ಪದಗಳನ್ನು ಅವರಿಂದ ಹೇಳಿಸಿಕೊಂಡೆ. ಅವರು ಆ ಮಾಘದಲ್ಲಿ ತೀರಿಕೊಂಡರು. ಮೊಬೈಲಿನಲ್ಲಿ ಜಾಗವಿಲ್ಲದಾಗ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಸಾಗಿಸಿ ಮೊಬೈಲಿನಿಂದ ಅಳಿಸಿದ್ದೆ. ಬೇರೆ ಪ್ರತಿ ಇಟ್ಟುಕೊಳ್ಳದ್ದು ನನ್ನ ತಪ್ಪು, ಅದನ್ನು ಅಂಗಡಿಯವರ ಮೇಲೆ ಹೊರಿಸುವುದಿಲ್ಲ.

2025ರ ಏಪ್ರಿಲಿನಲ್ಲಿ ಮುಂಗಾರಿಗೆ ಮೊದಲಿನ ಗುಡುಗು ಮಳೆಯ ಒಂದು ಸಂಜೆ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿತ್ತು. ಸಮೀಪದಲ್ಲೇ ಎಲ್ಲೋ ಸಿಡಿಲು ಬಡಿಯಿತು, ಕರೆಂಟು ಹೋಯಿತು, ಲ್ಯಾಪ್‌ಟಾಪ್ ಮತ್ತೆ ಏಳಲಿಲ್ಲ. ಶಿವಮೊಗ್ಗದ ಸರ್ವಿಸ್ ಸೆಂಟರಿನಲ್ಲಿ ಮದರ್‌ಬೋರ್ಡ್ ಸುಟ್ಟಿದೆ, ಇದು ವಾರಂಟಿಗೆ ಬರುವುದಿಲ್ಲ, ಆದರೆ ಡಿಸ್ಕ್ ಚೆನ್ನಾಗಿಯೇ ಇದೆ ಎಂದರು. ಡಿಸ್ಕ್ ಚೆನ್ನಾಗಿದೆ ಎಂಬ ಮಾತಿಗೆ ಎಷ್ಟು ಸಮಾಧಾನವಾಯಿತೆಂದರೆ, ಹೊಸ ಮದರ್‌ಬೋರ್ಡಿನ ದುಡ್ಡನ್ನು ಎರಡು ಮಾತಿಲ್ಲದೆ ಕೊಟ್ಟೆ. ಹೊಸ ಬೋರ್ಡ್ ಬಂದು ಕೂಡಿಸುವ ಹೊತ್ತಿಗೆ ಮೂರು ವಾರ ಕಳೆದವು. ಯಂತ್ರ ಹೊತ್ತಿಸಿದಾಗ ನೀಲಿ ಪರದೆ ಬಂತು. ಆರಾರು ಅಂಕಿಗಳ ಎಂಟು ಗುಂಪುಗಳಿಗೆ ಜಾಗ ಬಿಟ್ಟು, ರಿಕವರಿ ಕೀ ನಮೂದಿಸಿ ಎಂದು ಅದರಲ್ಲಿತ್ತು. ಮದರ್‌ಬೋರ್ಡಿನ ಜೊತೆಗೆ ಹಳೆಯ ಟಿಪಿಎಂ ಚಿಪ್ಪೂ ಹೋಗಿತ್ತಲ್ಲ! ನನ್ನ ನಾಲ್ಕು ಅಂಕಿಯ ಪಿನ್ ಕೂಡ ಅದರೊಂದಿಗೇ ಹೋಗಿತ್ತು.

‘ನಿಮ್ಮ ಮೈಕ್ರೋಸಾಫ್ಟ್ ಅಕೌಂಟಲ್ಲಿ ಇರುತ್ತೆ ಮೇಡಂ, ಲಾಗಿನ್ ಆಗಿ ನೋಡಿ’ ಎಂದು ಎಂಜಿನಿಯರ್ ಹೇಳಿದರು. ನನಗೆ ಅಂಥ ಖಾತೆಯೊಂದು ಶಾಲೆಯ ಕೆಲಸಕ್ಕಾಗಿ ಮೊದಲಿಂದಲೂ ಇತ್ತು. ತೆರೆದು ನೋಡಿದರೆ ಅದರಲ್ಲಿ ಯಾವ ಯಂತ್ರವೂ ನಮೂದಾಗಿರಲಿಲ್ಲ. ಆಗಲೇ ನನಗೆ ವಿಷಯ ಹೊಳೆದದ್ದು. ಅಲ್ಲಿಂದ ನೇರವಾಗಿ ಅಂಗಡಿಗೆ ಹೋದೆ. ಆ ಹುಡುಗ ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿದ್ದ. ಮಾಲೀಕರು ನಂಬರ್ ಕೊಟ್ಟರು, ಅವನು ಫೋನ್ ಎತ್ತಿದ, ಮರ್ಯಾದೆಯಿಂದಲೇ ಮಾತಾಡಿದ. ಆ ಇಮೇಲ್ ಅವನು ಅಂಗಡಿಯ ಕೆಲಸಕ್ಕೆಂದೇ ಮಾಡಿಕೊಂಡದ್ದು, ಪಾಸ್‌ವರ್ಡ್ ಮರೆತಿದ್ದ, ಖಾತೆಗೆ ಜೋಡಿಸಿದ್ದ ಸಿಮ್ಮನ್ನು ಬಿಟ್ಟು ತಿಂಗಳುಗಳಾಗಿದ್ದವು. ಖಾತೆ ಮರಳಿ ಪಡೆಯುವ ಅರ್ಜಿಯನ್ನು ಅವನಿಂದ ಮೂರು ಬಾರಿ ತುಂಬಿಸಿದೆ, ಮೂರು ಬಾರಿಯೂ ಗುರುತು ಸಾಬೀತಾಗಲಿಲ್ಲ ಎಂಬ ಉತ್ತರವೇ ಬಂತು. ಕಳೆದುಹೋದ ರಿಕವರಿ ಕೀಯನ್ನು ಮೈಕ್ರೋಸಾಫ್ಟಿನವರೂ ಹೊಸದಾಗಿ ಮಾಡಿಕೊಡಲಾರರು. ಇದನ್ನು ಅವರು ಸ್ಪಷ್ಟವಾಗಿಯೇ ಬರೆದಿದ್ದಾರೆ. ಡೇಟಾ ತೆಗೆದುಕೊಡುತ್ತೇವೆ ಎಂದು ಹಣ ಕೇಳುವವರು ಪೇಟೆಯಲ್ಲಿದ್ದಾರೆ, ಆದರೆ ಕೀ ಇಲ್ಲದೆ ಈ ಬೀಗ ತೆಗೆಯಲು ಬರುವುದಿಲ್ಲ. ಅವರಿಗೆ ಹಣ ಕೊಡಬೇಡಿ.

ಈ ಓಡಾಟದಲ್ಲಿ ಇನ್ನೊಂದು ಸಂಗತಿ ಅರಿವಿಗೆ ಬಂದು ಮನಸ್ಸಿಗೆ ಹೆಚ್ಚು ನೋವಾಯಿತು. ಹೊಸ ವಿಂಡೋಸಿನಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳಿಗೆ ಮೈಕ್ರೋಸಾಫ್ಟಿನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವಿಗೆ ಬ್ಯಾಕಪ್ ಅನೇಕ ವೇಳೆ ಮೊದಲ ದಿನದಿಂದಲೇ ಚಾಲೂ ಆಗಿರುತ್ತದೆ. ಹಾಡುಗಳನ್ನು ನಾನು ಇಟ್ಟಿದ್ದುದು ಡಾಕ್ಯುಮೆಂಟ್ಸಿನಲ್ಲಿ. ನನ್ನ ಕಡತಗಳು ತಿಂಗಳುಗಟ್ಟಲೆ ಒಬ್ಬ ಅಪರಿಚಿತನ ಖಾತೆಗೆ ಹೋಗಲು ಹವಣಿಸುತ್ತಿದ್ದವು. ಉಚಿತವಾಗಿ ಸಿಗುವ 5 ಜಿಬಿ ತುಂಬಿದ್ದರಿಂದ ಬಹುಪಾಲು ನಿಂತವು. ‘ಒನ್‌ಡ್ರೈವ್ ತುಂಬಿದೆ’ ಎಂದು ಮೂಲೆಯಲ್ಲಿ ಬರುತ್ತಿದ್ದ ಸೂಚನೆಯನ್ನು ಜಾಹೀರಾತೆಂದು ಭಾವಿಸಿ ದಿನವೂ ಮುಚ್ಚುತ್ತಿದ್ದೆ. ಅದನ್ನು ಒಮ್ಮೆ ಒತ್ತಿ ನೋಡಿದ್ದರೆ ಖಾತೆ ಯಾರದೆಂದು ಅಂದೇ ಕಾಣುತ್ತಿತ್ತು. ಲ್ಯಾಪ್‌ಟಾಪಿನ ಜೊತೆಗೆ ಬಂದ ಆಫೀಸ್ ಪರವಾನಗಿಯೂ ಅದೇ ಖಾತೆಗೆ ಜೋಡಣೆಯಾಗಿದ್ದರಿಂದ ಅದೂ ಹೋಯಿತು.

ಆದ್ದರಿಂದ ಕೊಳ್ಳುವವರಲ್ಲಿ ನನ್ನ ಕೋರಿಕೆ ಇದು: ಅಂಗಡಿಯಲ್ಲಿ ಯಂತ್ರ ಹೊತ್ತುತ್ತದೆಯೇ, ಪರದೆಯಲ್ಲಿ ಚುಕ್ಕೆಗಳಿವೆಯೇ, ಸೀರಿಯಲ್ ನಂಬರ್ ಸರಿಯಿದೆಯೇ ಎಂಬುದನ್ನು ನೋಡಿ, ದೇಶ ಕೇಳುವ ಮೊದಲ ಪರದೆಯಲ್ಲೇ ಯಂತ್ರವನ್ನು ಆಫ್ ಮಾಡಿ ಮನೆಗೆ ತನ್ನಿ. ಖಾತೆಯ ಹಂತವನ್ನು ನೀವೇ, ನಿಮ್ಮ ಇಮೇಲ್ ಮತ್ತು ನಿಮ್ಮ ಮೊಬೈಲಿನಿಂದ ದಾಟಿ. ನಮ್ಮ ಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗದೆ ಒಟಿಪಿ ತಡವಾಗುವುದುಂಟು, ಹಾಗಿದ್ದರೆ ಪೇಟೆಯ ನೆಂಟರ ಮನೆಯಲ್ಲಿ ಕೂತು ಈ ಕೆಲಸ ಮುಗಿಸಿಕೊಳ್ಳಿ. ಮೊದಲ ದಿನದ ಅಪ್‌ಡೇಟುಗಳು ಹಲವು ಜಿಬಿ ಇರುವುದರಿಂದ ಮೊಬೈಲ್ ಡೇಟಾದಲ್ಲಿ ಮಾಡಹೋಗಬೇಡಿ. ವೈಫೈ ಇರುವಲ್ಲಿ, ಚಾರ್ಜರ್ ಹಾಕಿ, ಬ್ಯಾಟರಿಯೂ ತುಂಬಿರುವಾಗ ಮಾಡಿ, ಏಕೆಂದರೆ ಫರ್ಮ್‌ವೇರ್ ಅಪ್‌ಡೇಟ್ ಅರ್ಧಕ್ಕೆ ನಿಂತರೆ ಅದೇ ಬೇರೆ ತೊಂದರೆ. ಖಾತೆಗೆ ಎರಡನೆಯ ಇಮೇಲನ್ನೂ ಮನೆಯವರೊಬ್ಬರ ಮೊಬೈಲನ್ನೂ ಸೇರಿಸಿಡಿ. ನಂತರ ಮೈಕ್ರೋಸಾಫ್ಟ್ ಖಾತೆಯ ಜಾಲಪುಟದಲ್ಲಿ ‘ಡಿವೈಸಸ್’ ಭಾಗಕ್ಕೆ ಹೋಗಿ, ನಿಮ್ಮ ಲ್ಯಾಪ್‌ಟಾಪಿನ ಬಿಟ್‌ಲಾಕರ್ ಕೀ ಅಲ್ಲಿದೆಯೇ ನೋಡಿ. 48 ಅಂಕಿಗಳನ್ನು ಪುಸ್ತಕದಲ್ಲಿ ಬರೆದು, ಎರಡು ಬಾರಿ ಓದಿ ತಾಳೆ ಮಾಡಿ, ಜಮೀನಿನ ಕಾಗದಪತ್ರಗಳ ಜೊತೆ ಇಡಿ. ಲ್ಯಾಪ್‌ಟಾಪಿನ ಚೀಲದಲ್ಲಿ ಇಡಲೇಬೇಡಿ.

ಈಗಾಗಲೇ ಅಂಗಡಿಯಲ್ಲಿ ಸಿದ್ಧಪಡಿಸಿಕೊಂಡು ಬಂದವರು ‘ಸೆಟ್ಟಿಂಗ್ಸ್’ ತೆರೆದು ‘ಅಕೌಂಟ್ಸ್’ನಲ್ಲಿ ಯಾರ ಇಮೇಲ್ ಇದೆ ಎಂದು ಇಂದೇ ನೋಡಿ. ನಿಮ್ಮದಲ್ಲದಿದ್ದರೆ ಗಾಬರಿ ಬೇಡ. ಯಂತ್ರ ತೆರೆದುಕೊಳ್ಳುತ್ತಿರುವವರೆಗೆ ಖಾತೆಯನ್ನೂ ಕೀಯನ್ನೂ ಸರಿಪಡಿಸಬಹುದು. ಮೊದಲು ಎಲ್ಲ ಕಡತಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಂಡು, ಅಲ್ಲಿಂದ ಒಂದೆರಡನ್ನು ತೆರೆದೂ ನೋಡಿ, ಏಕೆಂದರೆ ಒನ್‌ಡ್ರೈವಿನಲ್ಲಿ ಮಾತ್ರ ಇರುವ ಕಡತಗಳು ಇಲ್ಲಿಯೂ ಇರುವಂತೆ ತೋರುವುದುಂಟು. ಆಮೇಲೆ ‘ಪ್ರೈವೆಸಿ ಅಂಡ್ ಸೆಕ್ಯುರಿಟಿ’ಯಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಅನ್ನು ಆಫ್ ಮಾಡಿ, ಅದು ಪೂರ್ತಿ ಮುಗಿಯುವವರೆಗೆ ಕಾಯಿರಿ. ಒನ್‌ಡ್ರೈವಿನಿಂದ ಆ ಖಾತೆಯ ಕೊಂಡಿ ಬಿಡಿಸಿ, ಯಂತ್ರವನ್ನು ಮೈಕ್ರೋಸಾಫ್ಟ್ ಖಾತೆಯ ಹಂಗಿಲ್ಲದ ಲೋಕಲ್ ಅಕೌಂಟಿಗೆ ಬದಲಿಸಿ, ನಂತರ ನಿಮ್ಮ ಖಾತೆಯಿಂದ ಸೈನ್ ಇನ್ ಆಗಿ ಎನ್‌ಕ್ರಿಪ್ಷನ್ ಮತ್ತೆ ಹಾಕಿದರೆ ಹೊಸ ಕೀ ಹುಟ್ಟಿ ನಿಮ್ಮಲ್ಲಿ ಜಮೆಯಾಗುತ್ತದೆ. ರಿಪೇರಿಗೆ ಕೊಡುವ ಮೊದಲು ಈ ಕೀ ಕೈಯಲ್ಲಿರುವುದು ಕಡ್ಡಾಯ. ಗುಡುಗು ಶುರುವಾದಾಗ ಚಾರ್ಜರನ್ನು ಮಾತ್ರವಲ್ಲ, ಲ್ಯಾಪ್‌ಟಾಪಿಗೆ ಇಂಟರ್ನೆಟ್ ತಂತಿ ಹಾಕಿದ್ದರೆ ಅದನ್ನೂ ಕಿತ್ತಿಡಿ.

ದೂರಿನ ವಿಷಯಕ್ಕೆ ಬಂದರೆ, ಗ್ರಾಹಕರ ರಾಷ್ಟ್ರೀಯ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕರ ಆಯೋಗಕ್ಕೆ ತೊಂದರೆಯಾದ ಎರಡು ವರ್ಷದೊಳಗೆ ದೂರು ಕೊಡಬಹುದು. ನನ್ನಲ್ಲಿ ಎಂಟುನೂರು ರೂಪಾಯಿಯ ಕೆಲಸಕ್ಕೆ ಚೀಟಿಯೂ ಇರಲಿಲ್ಲ. ಮಾಲೀಕರು ಆ ಹಣವನ್ನು ಹಿಂದಕ್ಕೆ ಕೊಟ್ಟರು. ಇನ್ನು ಮುಂದೆ ಗಿರಾಕಿಯ ಖಾತೆಯಿಂದಲೇ ಮಾಡಿಸುತ್ತೇವೆ ಎಂದಿದ್ದಾರೆ, ಅದೇ ಅಂಗಡಿಯಿಂದ ಲ್ಯಾಪ್‌ಟಾಪ್ ಒಯ್ದ ಇತರರಿಗೂ ಫೋನ್ ಮಾಡಿ ತಿಳಿಸಿ ಎಂದು ನಾನು ಕೇಳಿಕೊಂಡಿದ್ದೇನೆ.

ಹಾಡುಗಳಲ್ಲಿ ಹನ್ನೊಂದು ಮಾತ್ರ, ನೆಂಟರಿಗೆ ವಾಟ್ಸ್ಯಾಪಿನಲ್ಲಿ ಕಳಿಸಿದ್ದವು, ಮರಳಿ ಸಿಕ್ಕಿವೆ. ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡಲು ಬಿಡಲಿಲ್ಲ. ಲ್ಯಾಪ್‌ಟಾಪಿಗೆ ಹೊಸದನ್ನು ಹಾಕಿಸಿ, ಅದನ್ನು ಕಳಚಿಸಿಕೊಂಡು ತಂದಿದ್ದೇನೆ. ಸರಿಯಾದ 48 ಅಂಕಿ ಸಿಕ್ಕರೆ ಅದು ಬೇರೆ ಯಾವುದೇ ವಿಂಡೋಸ್ ಯಂತ್ರದಲ್ಲಿಯೂ ತೆರೆದುಕೊಳ್ಳುತ್ತದೆ. ನೀಲಿ ಪರದೆಯಲ್ಲಿ ಕಂಡ ಕೀಯ ಗುರುತಿನ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು, ಥಂಡಿ ತಾಗದಂತೆ ಡಬ್ಬಿಯಲ್ಲಿ ಡಿಸ್ಕಿನ ಜೊತೆಗೆ ಇಟ್ಟಿದ್ದೇನೆ. ಆ ಹುಡುಗ ಹಳೆಯ ಸಿಮ್ಮಿನ ನಂಬರನ್ನು ಮರಳಿ ಪಡೆಯಲು ಆಗುತ್ತದೆಯೇ ಎಂದು ವಿಚಾರಿಸುತ್ತಿದ್ದಾನೆ.