ತೋಟದ ಜೀಪಿಗೆ ಯಾವ ಶಾಕ್ ಅಬ್ಸಾರ್ಬರ್? ಎಣ್ಣೆ, ಗ್ಯಾಸ್, ಮೊನೊಟ್ಯೂಬ್ ಮೂರೂ ಓಡಿಸಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ತೋಟದ ಜೀಪಿಗೆ ನಡುವಿನದ್ದೇ ಸರಿ, ಅಂದರೆ ಗ್ಯಾಸ್ ತುಂಬಿದ, ಎರಡು ಕೊಳವೆಯ ಟ್ವಿನ್ ಟ್ಯೂಬ್. ಕೈ ಬಿಗಿ ಇದ್ದರೆ ಸಾದಾ ಎಣ್ಣೆ ಶಾಕ್ ಹಾಕಿದರೂ ದೊಡ್ಡ ನಷ್ಟ ಇಲ್ಲ. ಒಂದೇ ಕೊಳವೆಯ ಮೊನೊಟ್ಯೂಬ್ ಒಳ್ಳೆಯದೇ, ಆದರೆ ಕೊಟ್ಟ ದುಡ್ಡು ಹುಟ್ಟಬೇಕಾದರೆ ಬೇರೆ ಥರದ ರಸ್ತೆ ಬೇಕು.

ನನ್ನದು ಹಳೆಯ ಮಹೀಂದ್ರಾ ಮೇಜರ್. ನಾಲ್ಕೂ ಕಡೆ ಪ್ಲೇಟ್ ಸ್ಪ್ರಿಂಗ್, ಅಂದರೆ ಉಕ್ಕಿನ ಪಟ್ಟಿಗಳನ್ನು ಜೋಡಿಸಿದ್ದು. ಓಡಾಟ ಕಾಸರಗೋಡು ಜಿಲ್ಲೆಯ ಮುಳ್ಳೇರಿಯ, ಅಡೂರು, ದೇಲಂಪಾಡಿ ಸುತ್ತಿನ ಗುಡ್ಡದ ದಾರಿಗಳಲ್ಲಿ. ಹಿಂದೆ ಗೊಬ್ಬರದ ಚೀಲ, ಅಡಿಕೆ ಗೋಣಿ, ಕೆಲವು ಸಲ ಕೆಲಸದವರು. ಆಗೊಮ್ಮೆ ಈಗೊಮ್ಮೆ ಕಾಸರಗೋಡು ಪೇಟೆ. ಎಣ್ಣೆಯದ್ದು, ಗ್ಯಾಸಿನದ್ದು ಎರಡೂ ನನ್ನ ಗಾಡಿಯಲ್ಲೇ ಬೇರೆ ಬೇರೆ ಹೊತ್ತಿನಲ್ಲಿ ಓಡಿದವು. ಮೊನೊಟ್ಯೂಬ್ ಭಾವನದ್ದು. ಅವರ ಗಾಡಿಯೂ ಅದೇ ಮಾದರಿ, ಹಾಗಾಗಿ ಒಂದು ಮಳೆಗಾಲದ ಮಟ್ಟಿಗೆ ಅದಲು ಬದಲು ಮಾಡಿಕೊಂಡೆವು.

ಅಂಗಡಿಗೆ ಹೋಗಿ "ಲೋಡ್ ಜಾಸ್ತಿ ಹಾಕ್ತೇವೆ, ಗಟ್ಟಿ ಶಾಕ್ ಕೊಡಿ" ಅನ್ನುವವರು ತುಂಬ ಜನ. ಭಾರ ಹೊರುವುದು ಪ್ಲೇಟು. ಅದರ ಕುಣಿತ ನಿಲ್ಲಿಸುವುದಷ್ಟೇ ಶಾಕಿನ ಕೆಲಸ. ಒಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ತೂತುಗಳಲ್ಲಿ ನುಗ್ಗಿಸುತ್ತದೆ, ಕುಣಿತವೆಲ್ಲ ಬಿಸಿಯಾಗಿ ಹೊರಗೆ ಹೋಗುತ್ತದೆ. ಗಾಡಿ ಹಿಂದೆ ಕುಳಿತುಬಿಟ್ಟಿದ್ದರೆ ಪ್ಲೇಟ್ ಸರಿ ಮಾಡಿಸಿ. ಶಾಕ್ ಬದಲಿಸಿ ಏನೂ ಆಗದು.

ಎಣ್ಣೆ ಶಾಕ್ ಮೆತ್ತಗಿರುತ್ತದೆ. ಒಂದನೇ ಗೇರಿನಲ್ಲಿ ಮುರಕಲ್ಲಿನ ಮೇಲೆ ಹತ್ತಿ ಇಳಿಯುವಾಗ, ಅದೂ ಖಾಲಿ ಗಾಡಿಯಲ್ಲಿ, ಸೊಂಟಕ್ಕೆ ಇದರಷ್ಟು ಸುಖ ಬೇರೆಯದರಲ್ಲಿ ಇಲ್ಲ. ತೊಂದರೆ ಶುರುವಾಗುವುದು ಕಲ್ಲುಕೋರೆಯ ಲಾರಿಗಳು ಓಡಿ ಅಲೆ ಅಲೆಯಾದ ಚರಳು ರಸ್ತೆಯಲ್ಲಿ. ಅಲ್ಲಿ ಸ್ವಲ್ಪ ವೇಗವಾಗಿ ಹೋದರೆ ಪಿಸ್ಟನ್ ಬಿಡುವಿಲ್ಲದೆ ಬಡಿಯುತ್ತದೆ, ಎಣ್ಣೆ ಬಿಸಿಯಾಗಿ ತೆಳುವಾಗುತ್ತದೆ, ಒಳಗಿರುವ ಗಾಳಿ ಸೇರಿ ನೊರೆ ಏಳುತ್ತದೆ. ನೊರೆಗೆ ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ಸ್ಟೇರಿಂಗ್ ತೇಲಿದ ಹಾಗಾಗುತ್ತದೆ, ತಿರುವಿನಲ್ಲಿ ಹಿಂಭಾಗ ಹಾರಿ ಪಕ್ಕಕ್ಕೆ ಸರಿಯುತ್ತದೆ. ತಲಪಾಡಿ–ಚೆಂಗಳ ಹೆದ್ದಾರಿಯಲ್ಲಿ ಬೇರೆ ತಕರಾರು. ರಸ್ತೆ ನುಣ್ಣಗಿದೆ, ಆದರೆ ಲೇನ್ ಬದಲಿಸಿದರೆ ಗಾಡಿ ಒಂದು ಸಲ ಜಾಸ್ತಿಯೇ ಓಲಾಡುತ್ತದೆ.

ಗ್ಯಾಸ್ ಟ್ವಿನ್ ಟ್ಯೂಬ್ ಒಳಗೆ ಹೆಚ್ಚುಕಡಿಮೆ ಅದೇ ಯಂತ್ರ. ಕೊಳವೆಯೊಳಗೊಂದು ಕೊಳವೆ. ಮೇಲಿನ ಖಾಲಿ ಜಾಗದಲ್ಲಿ ಗಾಳಿಯ ಬದಲು ನೈಟ್ರೋಜನ್ ಇರುತ್ತದೆ, ಸಾಮಾನ್ಯವಾಗಿ 100ರಿಂದ 150 ಪಿಎಸ್‌ಐ. ಆ ಒತ್ತಡ ಎಣ್ಣೆಯನ್ನು ಅದುಮಿ ಹಿಡಿಯುವುದರಿಂದ ನೊರೆ ಬೇಗ ಏಳುವುದಿಲ್ಲ. ಅದೇ ಕೋರೆ ರಸ್ತೆಯಲ್ಲಿ ಕೊನೆಯವರೆಗೂ ಸ್ಟೇರಿಂಗ್ ಹಿಡಿತದಲ್ಲಿತ್ತು. ಗೋಣಿ ತುಂಬಿಕೊಂಡು ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗ ಮೂತಿ ಮುಳುಗುವುದೂ ಕಡಿಮೆಯಾಯಿತು. ಖಾಲಿ ಇರುವಾಗ ಎಣ್ಣೆಯದ್ದಕ್ಕಿಂತ ಒಂದಿಷ್ಟು ಗಡಸು, ನಿಜ. ಮನೆಯಲ್ಲಿ ಅಮ್ಮ ಮಾತ್ರ ಅದನ್ನು ಗುರುತಿಸಿದ್ದು.

ಇನ್ನು ಮೊನೊಟ್ಯೂಬ್. ಇದರಲ್ಲಿ ಒಂದೇ ಕೊಳವೆ. ಎಣ್ಣೆಗೂ ಗ್ಯಾಸಿಗೂ ನಡುವೆ ತೇಲುವ ಇನ್ನೊಂದು ಪಿಸ್ಟನ್ ಇರುವುದರಿಂದ ಎರಡೂ ಬೆರೆಯುವುದೇ ಇಲ್ಲ. ಗ್ಯಾಸಿನ ಒತ್ತಡ ಟ್ವಿನ್ ಟ್ಯೂಬಿನ ಎರಡರಷ್ಟು, ಕೆಲವದರಲ್ಲಿ ಇನ್ನೂ ಜಾಸ್ತಿ. ಎಣ್ಣೆ ನೇರವಾಗಿ ಹೊರಗೋಡೆಗೇ ತಾಗುವುದರಿಂದ ಬೇಗ ತಣಿಯುತ್ತದೆ. ಜರ್ಮನಿಯ ಬಿಲ್‌ಸ್ಟೈನ್ 1957ರಲ್ಲೇ ಇದನ್ನು ಮರ್ಸಿಡಿಸ್ ಕಾರುಗಳಿಗೆ ಕೊಟ್ಟಿತ್ತು, ಹಾಗಾಗಿ ಹೊಸ ಸಂಗತಿಯೇನೂ ಅಲ್ಲ. ಹೆದ್ದಾರಿಯಲ್ಲಿ ಹಳೆ ಜೀಪು ಹೀಗೆ ನೆಟ್ಟಗೆ ಓಡೀತು ಅಂತ ನಾನು ಅಂದುಕೊಂಡಿರಲಿಲ್ಲ. ಕೋರೆ ರಸ್ತೆಯಲ್ಲೂ ಇದೇ ಮೇಲು.

ಆದರೆ ನಮ್ಮ ಗುಡ್ಡದಲ್ಲಿ ಶಾಕ್ ಹಾಳಾಗುವುದು ಬಿಸಿಗಿಂತ ಹೆಚ್ಚಾಗಿ ಕಲ್ಲಿಗೆ. ತೋಟದ ದಾರಿಯಲ್ಲಿ ಹಿಂದಿನ ಟೈರು ಜಾರಿ, ಎದ್ದು ನಿಂತಿದ್ದ ಮುರಕಲ್ಲಿನ ಮೂಲೆ ಭಾವನ ಮೊನೊಟ್ಯೂಬಿನ ಮೈಗೆ ಬಡಿಯಿತು. ಹೆಬ್ಬೆರಳು ಕೂರುವಷ್ಟು ತಗ್ಗು, ಅಷ್ಟೇ. ಬಿಚ್ಚಿ ನೋಡಿದರೆ ಪಿಸ್ಟನಿನ ರಾಡು ಅರ್ಧ ದಾರಿ ಸಲೀಸಾಗಿ ಹೋಗುತ್ತದೆ, ಅಲ್ಲಿ ಕಚ್ಚಿಕೊಳ್ಳುತ್ತದೆ. ಮೊನೊಟ್ಯೂಬಿನಲ್ಲಿ ಪಿಸ್ಟನ್ ಓಡುವುದು ಹೊರಗೋಡೆಯ ಒಳಮೈಯಲ್ಲೇ. ಓಡುವ ಜಾಗದಲ್ಲಿ ತಗ್ಗು ಬಿದ್ದರೆ ಮುಗಿಯಿತು. ನನ್ನ ಟ್ವಿನ್ ಟ್ಯೂಬಿಗೆ ಇದಕ್ಕಿಂತ ದೊಡ್ಡ ತಗ್ಗು ಬಿದ್ದಿದೆ. ಪೆಟ್ಟು ಹೊರಗಿನ ಕೊಳವೆಯಲ್ಲೇ ನಿಂತಿದೆ, ಪಿಸ್ಟನಿಗೆ ಸುದ್ದಿಯೇ ಗೊತ್ತಿಲ್ಲ. "ಹೋಗಲಿ ಬಿಡು ಭಾವ" ಅಂದರು ಅವರು. ನಾನು ಬಿಡಲಿಲ್ಲ, ಅರ್ಧ ಕೊಟ್ಟೆ. ಆ ಒಂದರ ಬೆಲೆಗೆ ಎಣ್ಣೆಯದ್ದು ನಾಲ್ಕು ಬರುತ್ತಿತ್ತು.

ಮೊನೊಟ್ಯೂಬನ್ನು ತಲೆಕೆಳಗು ಮಾಡಿ, ಮೈ ಮೇಲೆ ಬರುವ ಹಾಗೆ ಕೂರಿಸಬಹುದು. ಆಗ ಕೆಳಗೆ ಬರುವ ರಾಡಿಗೆ ಕೆಸರಿನ ಕಾಟ. ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ ಮಳೆ. ಕೆಂಪು ಮಣ್ಣು ರಾಡಿನ ಮೇಲೆ ಒಣಗಿ ಎಣ್ಣೆ ಸೋರದಂತೆ ತಡೆಯುವ ಸೀಲನ್ನು ಮರಳು ಕಾಗದದ ಹಾಗೆ ಉಜ್ಜುತ್ತದೆ. ಕುಂಬಳೆ, ಉಪ್ಪಳದ ಕಡಲ ಬದಿಯವರಿಗೆ ಉಪ್ಪು ಗಾಳಿಯ ತುಕ್ಕು ಬೇರೆ. ಯಾವ ಶಾಕ್ ಆದರೂ ರಾಡಿಗೆ ರಬ್ಬರ್ ಚೀಲ ಅಥವಾ ತಗಡಿನ ಮರೆ ಇರುವುದನ್ನೇ ತೆಗೆದುಕೊಳ್ಳಿ.

ಹಳೆಯದು ಸತ್ತಿದೆಯಾ ಅಂತ ನೋಡುವುದು ಸುಲಭ. ಹೊಂಡದ ರಸ್ತೆಯಲ್ಲಿ ಓಡಿಸಿ ಬಂದು ನಾಲ್ಕನ್ನೂ ಹುಷಾರಾಗಿ ಮುಟ್ಟಿ. ಮೂರು ಬೆಚ್ಚಗಿದ್ದು ಒಂದು ತಣ್ಣಗಿದ್ದರೆ ಆ ತಣ್ಣಗಿನದ್ದು ಕೆಲಸ ಮಾಡುತ್ತಿಲ್ಲ. ಮೈ ಮೇಲೆ ಸ್ವಲ್ಪ ಜಿಡ್ಡು ಕಂಡರೆ ಹೆದರಬೇಕಿಲ್ಲ, ಎಣ್ಣೆ ಇಳಿದು ತೊಟ್ಟಿಕ್ಕುತ್ತಿದ್ದರೆ ಬದಲಿಸಬೇಕು. ಒಂದೇ ಹೋಗಿದ್ದರೂ ಆ ಆಕ್ಸಲಿನ ಎರಡನ್ನೂ ಬದಲಿಸಿ.

ಕೊಳ್ಳುವಾಗ ಹೆಸರಿಗಿಂತ ಉದ್ದ ಮುಖ್ಯ. ಗಾಡಿ ಸಮನೆಲದಲ್ಲಿ ನಿಂತಿರುವಾಗ ಶಾಕಿನ ಮೇಲಿನ ಕಣ್ಣಿನಿಂದ (ಪಿನ್ನಿಗೆ ಸಿಕ್ಕಿಸುವ ತೂತು) ಕೆಳಗಿನ ಕಣ್ಣಿಗೆ ಅಳೆಯಿರಿ. ಆಕ್ಸಲಿಗೂ, ಅದು ಮೇಲೆ ಬಂದು ಬಡಿಯದಂತೆ ತಡೆಯುವ ಬಂಪ್ ಸ್ಟಾಪ್ ರಬ್ಬರಿಗೂ ನಡುವಿನ ಅಂತರವನ್ನೂ ಅಳೆಯಿರಿ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಬರುವುದಕ್ಕಿಂತ, ಪೂರ್ತಿ ಒತ್ತಿದ ಶಾಕಿನ ಉದ್ದ ಕಡಿಮೆ ಇರಬೇಕು. ರಬ್ಬರ್ ಕುಗ್ಗುವುದಕ್ಕೂ ಸ್ವಲ್ಪ ಜಾಗ ಬಿಡಿ. ಇಲ್ಲದಿದ್ದರೆ ಹೊಂಡಕ್ಕೆ ಬಿದ್ದಾಗ ರಬ್ಬರಿಗಿಂತ ಮೊದಲು ಶಾಕೇ ತಳ ಮುಟ್ಟಿ ಒಡೆಯುತ್ತದೆ. ಹಾಗಂತ ತೀರಾ ಗಿಡ್ಡ ಇದ್ದರೆ ಟೈರು ಕೆಳಗೆ ಇಳಿಯುವಾಗ ಶಾಕೇ ಹಗ್ಗದ ಕೆಲಸ ಮಾಡಬೇಕಾಗುತ್ತದೆ. ಎತ್ತರ ಮಾಡುವ ಕಿಟ್‌ನ ಆಸೆ ಬೇಡ. ಕಂಪನಿ ಕೊಟ್ಟ ಮೂಲ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕೇರಳದಿಂದ ಹೋದ ಕೇಸಿನಲ್ಲೇ.

ಪ್ಲೇಟ್ ಗಾಡಿಯಲ್ಲಿ ಶಾಕ್ ಬದಲಿಸಲು ಜಾಕ್ ಎತ್ತುವ ಅಗತ್ಯವೂ ಇಲ್ಲ. ಟೈರು ನೆಲದಲ್ಲೇ ಇರಲಿ, ಹಿಂದೆ ಮುಂದೆ ಕಲ್ಲು ಕೊಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಕಾಯಿಲ್ ಸ್ಪ್ರಿಂಗಿನ ಗಾಡಿಗೆ ಈ ಮಾತು ಹೊಂದುವುದಿಲ್ಲ, ಕೆಲವದರಲ್ಲಿ ಆಕ್ಸಲ್ ಕೆಳಗೆ ಬೀಳದಂತೆ ತಡೆಯುವುದೇ ಶಾಕ್. ನಿಜವಾದ ಹೋರಾಟ ತುಕ್ಕು ಹಿಡಿದ ನಟ್ಟಿನ ಜತೆ. ಹಿಂದಿನ ರಾತ್ರಿಯೇ ತಂತಿ ಬ್ರಷ್ ಹಾಕಿ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಮಲಗಿ. ಬೆಳಿಗ್ಗೆ ಉದ್ದ ಹಿಡಿಯ ಸ್ಪಾನರ್, ನಿಧಾನಕ್ಕೆ. ಎಳೆದಾಡಿ ಪಿನ್ನೇ ತುಂಡಾದರೆ ವೆಲ್ಡಿಂಗ್ ಅಂಗಡಿ ಹುಡುಕಬೇಕು.

ಹೊಸ ಎಣ್ಣೆ ಶಾಕ್ ಅಂಗಡಿಯಲ್ಲಿ ಅಡ್ಡ ಮಲಗಿರುತ್ತದೆ, ಗಾಳಿ ಎಣ್ಣೆಯೊಳಗೆ ಸೇರಿರುತ್ತದೆ. ನೆಟ್ಟಗೆ ನಿಲ್ಲಿಸಿ, ಎಲ್ಲೂ ತಡೆಯದೆ ಸಮನಾಗಿ ಇಳಿಯುವವರೆಗೆ ಎಳೆದು ಒತ್ತಿ. ರಾಡನ್ನು ಇಕ್ಕಳದಲ್ಲಿ ಹಿಡಿಯಬೇಡಿ, ಒಂದು ಗೀರು ಸಾಕು ಸೀಲ್ ಹೋಗಲು. ಗ್ಯಾಸಿನದ್ದಕ್ಕೆ ರಾಡು ಹೊರಗೆ ಚಿಮ್ಮದಂತೆ ಪಟ್ಟಿ ಕಟ್ಟಿ ಕೊಟ್ಟಿರುತ್ತಾರೆ. ಎರಡೂ ಕಣ್ಣು ಪಿನ್ನಿಗೆ ಕೂತ ಮೇಲೆಯೇ ಅದನ್ನು ಕತ್ತರಿಸಿ, ಕೈ ಮುಖ ದೂರ ಇರಲಿ. ಕಣ್ಣಿನೊಳಗೆ ಕೂರುವ ಹಳೆಯ ರಬ್ಬರ್ ಬುಶ್ ಮತ್ತೆ ಹಾಕಬೇಡಿ. ಕಡಕಡ ಸದ್ದಿಗೆ ಶಾಕನ್ನೇ ಬೈಯುವವರ ಗಾಡಿಯಲ್ಲಿ ಎಷ್ಟೋ ಸಲ ಹೋಗಿರುವುದು ಬುಶ್ ಮಾತ್ರ. ಕೊನೆಯ ಬಿಗಿತ ಗಾಡಿಯ ಭಾರ ಟೈರಿನ ಮೇಲೆ ಇರುವಾಗಲೇ ಆಗಬೇಕು, ಇಲ್ಲದಿದ್ದರೆ ಬುಶ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ವಾರ ಓಡಿಸಿದ ಮೇಲೆ ಎಲ್ಲ ನಟ್ಟಿಗೂ ಮತ್ತೊಮ್ಮೆ ಸ್ಪಾನರ್ ಹಾಕಿ ನೋಡಿ. ಹೊಸ ರಬ್ಬರ್ ಅಷ್ಟರಲ್ಲಿ ಸ್ವಲ್ಪ ಕೂತಿರುತ್ತದೆ.