ಓಟಿಜಿ ತಗೊಳ್ಳಬಹುದಾ? ಲಾಕ್‌ಡೌನ್‌ನಿಂದ ಇಲ್ಲಿವರೆಗೆ ಬಳಸಿದವರ ಮಾತು

ನಮ್ಮನೆಯ ಓಟಿಜಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಸೇರಿದ ಕರೆಂಟಿನ ಒಲೆ) 2020ರ ಲಾಕ್‌ಡೌನ್ ಸಡಿಲ ಆದ ಕೂಡಲೇ ತಂದಿದ್ದು. 28 ಲೀಟರಿನದು, 1500 ವ್ಯಾಟ್. ಮೇಲೆ ಎರಡು ರಾಡು, ಕೆಳಗೆ ಎರಡು ರಾಡು, ತಿರುಗಿಸೋಕೆ ಮೂರು ಗುಂಡಿ. ಆಗ ಊರಿಗೆ ಊರೇ ಬ್ರೆಡ್ ಮಾಡುತ್ತಿತ್ತು. ಆಮೇಲೆ ಎಷ್ಟೋ ಮನೆಗಳಲ್ಲಿ ಅದು ಅಟ್ಟ ಸೇರಿತು. ನಮ್ಮಲ್ಲಿ ಮಾತ್ರ ಈಗಲೂ ಅಡುಗೆಮನೆ ಕಟ್ಟೆಯ ಮೇಲೇ ಇದೆ. ಯಾವ ಕಂಪನಿಯದು ಅಂತ ಬರೆಯುವುದಿಲ್ಲ. ಈ ಬೆಲೆಯ, ಈ ಅಳತೆಯ ಓಟಿಜಿಗಳ ಒಳಗಿನ ಸಾಮಾನು ಹೆಚ್ಚುಕಮ್ಮಿ ಒಂದೇ ಥರ.

ನಾವಿರುವುದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಹಳ್ಳಿ. ಮನೆಯಲ್ಲಿ ಅತ್ತೆ, ನಾವಿಬ್ಬರು, ಇಬ್ಬರು ಮಕ್ಕಳು. ಹಳ್ಳಿ, ಮಳೆ, ಕರೆಂಟು ಇವೆಲ್ಲ ಮುಂದೆ ಬರುತ್ತವೆ, ಅದಕ್ಕೇ ಮೊದಲೇ ಹೇಳಿದೆ.

ಮೊದಲು ಬ್ರೆಡ್. ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ನಮ್ಮನೆ ಲೆಕ್ಕ ಹೀಗಿದೆ: ಗೋಧಿಹಿಟ್ಟು 150 ಗ್ರಾಂ, ಮೈದಾ 150 ಗ್ರಾಂ, ಒಂದು ಚಮಚ ಇನ್‌ಸ್ಟಂಟ್ ಯೀಸ್ಟ್, ಒಂದು ಚಮಚ ಉಪ್ಪು, ಒಂದು ದೊಡ್ಡ ಚಮಚ ಸಕ್ಕರೆ, ಸ್ವಲ್ಪ ಬೆಣ್ಣೆ, ಸುಮಾರು 200 ಮಿಲಿ ನೀರು. ನಮ್ಮ ಚಪಾತಿ ಹಿಟ್ಟು ತುಂಬ ನುಣ್ಣಗೆ ಬೀಸಿದ್ದು, ನೀರು ಜಾಸ್ತಿ ಕುಡಿಯುತ್ತದೆ. ಹೊರದೇಶದವರ ಅಳತೆ ನೋಡಿ ನೀರು ಹಾಕಿದರೆ ಹಿಟ್ಟು ಗಟ್ಟಿಯಾಗಿ, ಬ್ರೆಡ್ ಬಿರಿಯುತ್ತದೆ. ನಾದಿದ ಹಿಟ್ಟು ಕೈಗೆ ಸ್ವಲ್ಪ ಅಂಟುತ್ತಿರಬೇಕು. ಇನ್ನಷ್ಟು ಹಿಟ್ಟು ಉದುರಿಸೋಣ ಅನ್ನಿಸುತ್ತದಲ್ಲ, ಅಲ್ಲೇ ಕೈ ತಡೆಯಬೇಕು. ಹತ್ತು ನಿಮಿಷ ನಾದಿದರೆ ತಾನಾಗೇ ನಯವಾಗುತ್ತದೆ.

ಚಳಿಗಾಲದಲ್ಲಿ ಹಿಟ್ಟು ಉಬ್ಬುವುದು ನಿಧಾನ. ಆಗ ಓಟಿಜಿಯನ್ನು ಒಂದೇ ನಿಮಿಷ ಹಚ್ಚಿ, ಆರಿಸಿ, ಬೆಚ್ಚಗಿನ ಗೂಡಿನೊಳಗೆ ಪಾತ್ರೆ ಇಡುತ್ತೇನೆ. ಒಳಗೆ ಕೈ ಇಟ್ಟರೆ ಹಿತ ಅನ್ನಿಸುವಷ್ಟೇ ಬಿಸಿ ಸಾಕು. 60 ಡಿಗ್ರಿ ಹತ್ತಿರ ಹೋದರೆ ಯೀಸ್ಟ್ ಸತ್ತೇ ಹೋಗುತ್ತದೆ. ಎರಡನೇ ಸಲ ಟಿನ್ನಿನಲ್ಲಿ ಉಬ್ಬಿದ ಮೇಲೆ 190 ಡಿಗ್ರಿಯಲ್ಲಿ ಅರ್ಧ ಗಂಟೆ, ಇನ್ನೈದು ನಿಮಿಷ ಜಾಸ್ತಿ. ತೆಗೆದು, ಬುಡಕ್ಕೆ ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಆರುವ ತನಕ ಕತ್ತರಿಸಬಾರದು ಅಂತ ನಿಯಮ. ಮಕ್ಕಳಿರುವ ಮನೆಯಲ್ಲಿ ಅದು ನಿಯಮವಾಗಿಯೇ ಉಳಿಯುತ್ತದೆ.

ಅಂಗಡಿ ಬ್ರೆಡ್ಡಿನಲ್ಲಿ ವಿಷ ಇದೆ, ಅದಕ್ಕೇ ಮನೆಯಲ್ಲಿ ಮಾಡಿ ಅಂತ ಹೆದರಿಸುವವರಿದ್ದಾರೆ. ಅವರು ಹೇಳುವ ಪೊಟ್ಯಾಸಿಯಂ ಬ್ರೋಮೇಟ್ ಅನ್ನುವ, ಬ್ರೆಡ್ ಹಿಟ್ಟಿಗೆ ಸೇರಿಸುತ್ತಿದ್ದ ರಾಸಾಯನಿಕದ ಬಳಕೆಯನ್ನು ನಮ್ಮ ದೇಶದಲ್ಲಿ 2016ರಲ್ಲೇ ನಿಷೇಧಿಸಿದ್ದಾರೆ. ಹೆದರಿಕೊಂಡು ಓಟಿಜಿ ಕೊಳ್ಳಬೇಡಿ. ಮನೆ ಬ್ರೆಡ್ ರುಚಿಯಾಗಿರುತ್ತದೆ, ಹಿಟ್ಟು ಯಾವುದು ಅಂತ ನಮಗೆ ಗೊತ್ತಿರುತ್ತದೆ. ಅಷ್ಟು ಸಾಲದಾ? ದುಡ್ಡೇನೂ ಅಷ್ಟಾಗಿ ಉಳಿಯುವುದಿಲ್ಲ.

ಇನ್ನು ಕರೆಂಟಿನ ವಿಷಯ. ಮಾರುವವರು ಯಾರೂ ಇದನ್ನು ಹೇಳುವುದಿಲ್ಲ. 1500 ವ್ಯಾಟ್ ಅಂದರೆ ಆರೂವರೆ ಆಂಪಿಯರ್. ಮಿಕ್ಸಿ ಹಾಕುವ ಸಣ್ಣ ಪ್ಲಗ್ಗಿಗೆ ಹಾಕಬಾರದು, ಗೀಸರಿಗೆ ಇರುವಂಥ ದೊಡ್ಡ ಪ್ಲಗ್ಗೇ ಬೇಕು. ಬಿಲ್ಲಿಗೆ ಅಷ್ಟು ಹೆದರಬೇಕಿಲ್ಲ. ಒಂದು ಗಂಟೆ ಬಿಡದೆ ಉರಿದರೂ ಒಂದೂವರೆ ಯೂನಿಟ್, ಬಿಸಿ ಏರಿದ ಮೇಲೆ ಅದು ಆಗಾಗ ತಾನೇ ಆರುತ್ತದಾದ್ದರಿಂದ ಅಷ್ಟೂ ಆಗುವುದಿಲ್ಲ. ನಿಜವಾದ ತಲೆನೋವು ವೋಲ್ಟೇಜು. 230 ಇರಬೇಕಾದ ಕಡೆ 180ಕ್ಕೆ ಇಳಿದರೆ ರಾಡಿನ ಶಾಖ ಹೆಚ್ಚುಕಮ್ಮಿ ಶೇ. 60ಕ್ಕೆ ಇಳಿಯುತ್ತದೆ. ವೋಲ್ಟೇಜು ಸ್ವಲ್ಪವೇ ಬಿದ್ದರೂ ಶಾಖ ಅದಕ್ಕಿಂತ ಜಾಸ್ತಿ ಬೀಳುತ್ತದೆ. ತೋಟಗಳ ಪಂಪ್‌ಸೆಟ್ ಓಡುವ ಹೊತ್ತಿಗೆ ನಮ್ಮಲ್ಲಿ ಇದೇ ಕಥೆ. ಬ್ರೆಡ್ ಬೇಯುತ್ತದೆ, ಕೆಂಪಾಗುವುದಿಲ್ಲ. ಅದಕ್ಕೇ ನಮ್ಮನೆಯಲ್ಲಿ ಬೇಯಿಸುವ ಕೆಲಸವೆಲ್ಲ ಬೆಳಗಿನ ಜಾವ ಅಥವಾ ರಾತ್ರಿ ಊಟದ ಮೇಲೆ. ಮನೆಯ ಸಾಮಾನ್ಯ ಇನ್ವರ್ಟರ್ ಮೇಲೆ ಇದು ಓಡುವುದಿಲ್ಲ. ಮಧ್ಯದಲ್ಲಿ ಕರೆಂಟು ಹೋದರೆ ಬಾಗಿಲು ತೆಗೆಯದೆ ಸುಮ್ನೆ ಕಾಯಬೇಕು. ಹತ್ತು ನಿಮಿಷದೊಳಗೆ ಬಂದರೆ ಬ್ರೆಡ್ ಬಚಾವು.

ಮಕ್ಕಳಿಗೆ ಬ್ರೆಡ್ಡಿಗಿಂತ ಖಾರ ಬನ್ ಇಷ್ಟ. ಅಯ್ಯಂಗಾರ್ ಬೇಕರಿ ಬನ್ನಿನ ಹತ್ತಿರಕ್ಕೆ ಬರಬೇಕಾದರೆ ಎರಡು ವಿಷಯ ನೆನಪಿಡಿ. ಈರುಳ್ಳಿಯನ್ನು ಮೊದಲೇ ಹಿಟ್ಟಿಗೆ ಸೇರಿಸಬಾರದು. ಉಪ್ಪು ತಗುಲಿದರೆ ಅದು ನೀರು ಬಿಟ್ಟು ಹಿಟ್ಟು ರಾಡಿಯಾಗುತ್ತದೆ. ಒಂದು ಸಲ ಉಬ್ಬಿದ ಮೇಲೆ ಈರುಳ್ಳಿ, ಹಸಿಮೆಣಸು, ಕರಿಬೇವು, ಸಬ್ಬಸಿಗೆ ಸೊಪ್ಪು ಸೇರಿಸಿ ಉಂಡೆ ಕಟ್ಟಿ. ಇನ್ನೊಂದು, ತಟ್ಟೆಯಲ್ಲಿ ಉಂಡೆಗಳನ್ನು ದೂರ ದೂರ ಇಡಬೇಡಿ. ಒಂದಕ್ಕೊಂದು ತಾಗಿ ಉಬ್ಬಿದರೆ ಪಕ್ಕಗಳು ಮೆತ್ತಗಿರುತ್ತವೆ. 200 ಡಿಗ್ರಿ, ಹದಿನೈದು ನಿಮಿಷದ ಆಸುಪಾಸು. ಹೊರಗೆ ತೆಗೆದ ತಕ್ಷಣ ಮೇಲೆ ಬೆಣ್ಣೆ ಸವರಿ.

ಈಗ ಜಾಹೀರಾತಿನ ಮಾತಿಗೆ ಬರುತ್ತೇನೆ. 'ಎಣ್ಣೆ ಇಲ್ಲದ ಚಕ್ಕುಲಿ, ಕೋಡುಬಳೆ.' ದಯವಿಟ್ಟು ನಂಬಬೇಡಿ. ಚಕ್ಕುಲಿಯನ್ನು 180 ಡಿಗ್ರಿಯಲ್ಲಿ ಬೇಯಿಸಿ ಅತ್ತೆಯ ಕೈಗೆ ಕೊಟ್ಟೆ. ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, "ಇದು ಚಕ್ಕುಲಿ ಅಲ್ಲ ಮಾರಾಯ್ತಿ, ಚಕ್ಕುಲಿ ಆಕಾರದ ರಸ್ಕು" ಅಂದರು. ಸರಿಯಾಗೇ ಹೇಳಿದರು. ಕಾದ ಎಣ್ಣೆಗೆ ಬಿದ್ದ ಹಿಟ್ಟಿನ ನೀರು ತಟ್ಟನೆ ಹಬೆಯಾಗಿ ಹೊರಗೆ ನುಗ್ಗುತ್ತದೆ, ಅದಕ್ಕೇ ಚಕ್ಕುಲಿ ಒಳಗೆಲ್ಲ ಸಣ್ಣ ತೂತಾಗಿ ಹಗುರವಾಗುತ್ತದೆ. ಬಿಸಿ ಗಾಳಿಗೆ ಆ ವೇಗ ಇಲ್ಲ. ನೀರು ನಿಧಾನಕ್ಕೆ ಆರಿ, ಹಿಟ್ಟು ಒಣಗಿ ಗಟ್ಟಿಯಾಗುತ್ತದೆ ಅಷ್ಟೆ. ನಿಪ್ಪಟ್ಟು ಮಾತ್ರ ತೆಳ್ಳಗೆ ತಟ್ಟಿ, ಹಿಟ್ಟಿಗೆ ಬೆಣ್ಣೆ ಜಾಸ್ತಿ ಹಾಕಿದರೆ ತಿನ್ನುವ ಹಾಗಾಗುತ್ತದೆ. ಆದರೂ ಅದು ಖಾರದ ಬಿಸ್ಕತ್ತು.

ಹಾಗಂತ ಚಕ್ಕುಲಿಗೂ ಓಟಿಜಿಗೂ ಸಂಬಂಧವೇ ಇಲ್ಲ ಅಂದುಕೊಳ್ಳಬೇಡಿ. ನಮ್ಮಲ್ಲಿ ಇದರ ದೊಡ್ಡ ಉಪಕಾರ ಇರುವುದೇ ಇಲ್ಲಿ. ಮಲೆನಾಡಿನ ಆಷಾಢ-ಶ್ರಾವಣದ ಮಳೆ ಗೊತ್ತಲ್ವಾ? ಡಬ್ಬಿ ಮುಚ್ಚಳ ಎಷ್ಟು ಬಿಗಿ ಇದ್ದರೂ ಚಕ್ಕುಲಿ, ಅವಲಕ್ಕಿ, ಬಿಸ್ಕತ್ತು ಎಲ್ಲ ಮೆತ್ತಗಾಗುತ್ತವೆ. ಎಣ್ಣೆಯಲ್ಲಿ ಕರಿದ ಚಕ್ಕುಲಿ ಮೆತ್ತಗಾದಾಗ ತಟ್ಟೆಯಲ್ಲಿ ಹರಡಿ 110 ಡಿಗ್ರಿಯಲ್ಲಿ ಹತ್ತು ಹನ್ನೆರಡು ನಿಮಿಷ ಇಡಿ. ತೆಗೆದಾಗ ಇನ್ನೂ ಮೆತ್ತಗೇ ಇದೆ ಅನ್ನಿಸುತ್ತದೆ. ಮತ್ತೆ ಒಳಗೆ ತಳ್ಳಬೇಡಿ. ಆರಿದ ಮೇಲೆ ಮುರಿದು ನೋಡಿ, ಕಟ್ ಅನ್ನುತ್ತದೆ. ಪೂರ್ತಿ ತಣ್ಣಗಾದ ಮೇಲೆಯೇ ಡಬ್ಬಿಗೆ ಹಾಕಬೇಕು, ಇಲ್ಲದಿದ್ದರೆ ಅದರದ್ದೇ ಹಬೆಯಲ್ಲಿ ಮತ್ತೆ ಅದೇ ಗತಿ. ಚೂಡಾಕ್ಕೆ ಅವಲಕ್ಕಿ ಗರಿಗರಿ ಮಾಡುವುದು, ಶೇಂಗಾ ಹುರಿಯುವುದು, ಉಳಿದ ಬ್ರೆಡ್ಡನ್ನು ರಸ್ಕ್ ಮಾಡುವುದು ಇವೆಲ್ಲ ಇದೇ ಸಾಲಿನವು. ಬಾಣಲೆ ಮುಂದೆ ನಿಂತು ಕೈಯಾಡಿಸುವುದು ತಪ್ಪಿತು.

ಹಲಸಿನ ಬೀಜ ಹುರಿಯುವುದನ್ನು ಯಾವ ಪುಸ್ತಿಕೆಯಲ್ಲೂ ಬರೆದಿಲ್ಲ. ಬೀಜ ತೊಳೆದು ಒರೆಸಿ, ಪ್ರತಿಯೊಂದಕ್ಕೂ ಚಾಕುವಿನಿಂದ ಒಂದು ಗೀರು ಹಾಕಿ. ಗೀರು ಹಾಕದಿದ್ದರೆ ಒಳಗೆ ಸಿಡಿದು ಗಾಜಿಗೆಲ್ಲ ಮೆತ್ತಿಕೊಳ್ಳುತ್ತದೆ. 200 ಡಿಗ್ರಿಯಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ. ಮೇಲಿನ ಬಿಳಿ ಸಿಪ್ಪೆ ಬಿರಿದು ತಾನೇ ಬಿಡಿಸಿಕೊಳ್ಳುತ್ತದೆ. ಬಚ್ಚಲೊಲೆಯ ಕೆಂಡದಲ್ಲಿ ಸುಟ್ಟ ಬೀಜದ ಹೊಗೆವಾಸನೆ ಬರುವುದಿಲ್ಲ, ಒಪ್ಪುತ್ತೇನೆ. ಮಳೆಯಲ್ಲಿ ಸಂಜೆ ಕಾಫಿ ಜೊತೆಗೆ ನಡೆಯುತ್ತದೆ.

ದೂರು ಇಲ್ಲದೆ ಇಲ್ಲ. ಗುಂಡಿಯ ಮೇಲೆ ಬರೆದ ಡಿಗ್ರಿಗೂ ಒಳಗಿನ ಶಾಖಕ್ಕೂ ತಾಳಮೇಳ ಇಲ್ಲ. ಒಳಗೆ ನೇತುಹಾಕುವ ಸಣ್ಣ ಓವನ್ ಥರ್ಮಾಮೀಟರ್ ತಂದ ಮೇಲೆ ಗೊತ್ತಾಯಿತು, ನಮ್ಮದು 20 ಡಿಗ್ರಿ ಹಿಂದೆ ಇದೆ. ಹಿಂಭಾಗ ಬೇಗ ಕೆಂಪಾಗುತ್ತದೆ, ಹಾಗಾಗಿ ಅರ್ಧ ಹೊತ್ತಿಗೆ ತಟ್ಟೆ ತಿರುಗಿಸಲೇಬೇಕು. ವಾರಂಟಿ ಮುಗಿದು ತುಂಬ ದಿನ ಆದ ಮೇಲೆ ಮೇಲಿನ ಒಂದು ರಾಡು ಸತ್ತಿತು. ಕಂಪನಿಯ ಸರ್ವಿಸ್‌ನವರು ಬಿಡಿಭಾಗ ಸಿಗಲ್ಲ, ಹೊಸದು ತಗೊಳ್ಳಿ ಅಂದರು. ಪೇಟೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಉದ್ದ, ವ್ಯಾಟ್ ಹೊಂದುವ ರಾಡು ಸಿಕ್ಕಿತು. ಅವರೇ ಹಾಕಿಕೊಟ್ಟರು, ಈಗಲೂ ಚೆನ್ನಾಗಿ ಓಡುತ್ತಿದೆ. ಟೈಮರಿನ ಗಂಟೆ ಯಾವಾಗಲೋ ನಿಂತಿದೆ, ಮೊಬೈಲ್ ಅಲಾರಂ ಇಟ್ಟುಕೊಳ್ಳುತ್ತೇವೆ.

ಹೊಸದಾಗಿ ಕೊಳ್ಳುವವರು 25 ಲೀಟರಿಗಿಂತ ಚಿಕ್ಕದಕ್ಕೆ ಹೋಗಬೇಡಿ. ಚಿಕ್ಕ ಗೂಡಿನಲ್ಲಿ ಬ್ರೆಡ್ಡಿನ ತಲೆ ಉಬ್ಬಿ ಮೇಲಿನ ರಾಡಿಗೆ ಹತ್ತಿರ ಹೋಗಿ ಕರಿಯಾಗುತ್ತದೆ. ಕೋಳಿ ತಿರುಗಿಸುವ ಮೋಟರಿಗೆ ಜಾಸ್ತಿ ದುಡ್ಡು ಕೊಡುವ ಬದಲು ಒಳಗೆ ಫ್ಯಾನ್ ಇರುವುದನ್ನು ನೋಡಿ, ಬನ್ನು ಎಲ್ಲ ಕಡೆ ಒಂದೇ ಸಮ ಬೇಯುತ್ತದೆ. ಮೇಲಿನ ರಾಡು, ಕೆಳಗಿನ ರಾಡು ಬೇರೆಬೇರೆ ಹಚ್ಚುವ ಗುಂಡಿ ಇರಲೇಬೇಕು. ಅಂಗಡಿಗೆ ಹೋಗುವಾಗ ನಿಮ್ಮ ಬ್ರೆಡ್ ಟಿನ್ ಕೈಯಲ್ಲೇ ಇರಲಿ. ಒಳಗಿಟ್ಟು, ಬಾಗಿಲು ಮುಚ್ಚಿ, ಮೇಲೆ ನಾಲ್ಕು ಬೆರಳು ಜಾಗ ಉಳಿಯುತ್ತದಾ ಅಂತ ನೋಡಿಯೇ ದುಡ್ಡು ಕೊಡಿ.